ಗುರುವಾರದ ಸಿರಿಂಜು

ಕಾಮಾಲೆಯನ್ನು ದೀಪದ ಬೆಳಕಿನಲ್ಲಿ ನೋಡಬಾರದು. ಹುಬ್ಬಳ್ಳಿಯ ಒಂದು ಖಾಸಗಿ ದವಾಖಾನೆಯಲ್ಲಿ ನಾನು ಕಂಪೌಂಡರನಾಗಿ ಸೇರಿದ ವಾರದಲ್ಲಿ ಡಾಕ್ಟರ ಸಾಹೇಬರು ಕಲಿಸಿದ ಮೊದಲ ಪಾಠ ಇದು. ಕಂದೀಲಿನ ಬೆಳಕಿಗೆ ಎಲ್ಲರ ಕಣ್ಣೂ ಹಳದಿಯಾಗಿಯೇ ಕಾಣುತ್ತವೆ. ರೋಗಿಯನ್ನು ಹೊರಗಿನ ಕಟ್ಟೆಗೆ ಕರೆತಂದು, ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು, ಮೇಲೆ ನೋಡಲು ಹೇಳಿ, ಕಣ್ಣಿನ ಬಿಳಿಭಾಗವನ್ನು ನೋಡಬೇಕು. ಆಮೇಲೆ ಎರಡು ಪ್ರಶ್ನೆ ಕೇಳಬೇಕು. ಮೂತ್ರ ಯಾವ ಬಣ್ಣ? ಮಲ ಯಾವ ಬಣ್ಣ? ಮೂತ್ರ ಕಡುಚಹಾದಂತೆಯೂ ಮಲ ಬಿಳಿಮಣ್ಣಿನಂತೆಯೂ ಇದ್ದರೆ, ಕಣ್ಣು ಇನ್ನೂ ಬೆಳ್ಳಗಿದ್ದರೂ ನಾಲ್ಕು ದಿನದಲ್ಲಿ ಹಳದಿಯಾಗುತ್ತದೆ ಎಂದು ತಿಳಿಯಬೇಕು.

ನನ್ನ ಊರು ಗರಗ. ಮನೆಯವರು ನೂಲಿನವರು, ಒಕ್ಕಲುತನವೂ ಇತ್ತು. ಇಂಗ್ಲಿಷ್ ನಾಲ್ಕನೆಯ ಇಯತ್ತೆ ಓದಿ ಹುಬ್ಬಳ್ಳಿಗೆ ಬಂದವನು, ನಿವೃತ್ತನಾಗುವವರೆಗೆ ಔಷಧದ ಬಾಟಲಿಗಳ ನಡುವೆಯೇ ಇದ್ದೆ. ಪಗಾರ ಯಾವಾಗ ಏರಿತು, ಯಾರು ಶಾಲು ಹೊದಿಸಿದರು ಎಂಬುದನ್ನು ಬರೆಯುವುದಿಲ್ಲ. ಈಗ ಈ ಕೆಲಸಕ್ಕೆ ಬರುತ್ತಿರುವವರಿಗೆ ಅದರಿಂದ ಉಪಯೋಗವಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನನ್ನ ಕೈಯಿಂದ ಆದ ಒಂದು ಸಂಗತಿಯನ್ನು ಬರೆಯಬೇಕಾಗಿದೆ. ಅದನ್ನು ಹೇಳುವ ಮೊದಲು ನಮಗೆ ಎಷ್ಟು ಗೊತ್ತಿತ್ತು, ಎಷ್ಟು ಗೊತ್ತಿರಲಿಲ್ಲ ಎಂಬುದನ್ನು ಹೇಳುತ್ತೇನೆ.

ಮೊದಲು ನನ್ನ ಒಂದು ಮೂರ್ಖತನ. ಸೇರಿದ ವರ್ಷವೇ ಒಬ್ಬ ಆಳು ಹೊಟ್ಟೆನೋವೆಂದು ಬಂದ. ಅಂಗೈ, ಕತ್ತು, ಕಿವಿ ಎಲ್ಲವೂ ಹಳದಿ. ನಾನು ಪಾಠವನ್ನು ಮರೆತು, ಚೀಟಿಯ ಮೇಲೆ ‘ಕಾಮಾಲೆ’ ಎಂದು ಬರೆದು ಸಾಹೇಬರ ಮುಂದೆ ಕೂರಿಸಿದೆ. ಸಾಹೇಬರು ಅವನ ಕಣ್ಣು ನೋಡಿದರು, ಕೈ ಮೂಸಿದರು.

“ಏನ್ ಕೆಲಸಾ ಮಾಡ್ತೀಯೋ?”

“ಅರಿಷಿಣಾ ಬೀಸೂ ಗಿರಣ್ಯಾಗ ಅದೀನ್ರಿ.”

ಸಾಹೇಬರು ನನ್ನ ಕಡೆ ತಿರುಗಿ, “ಶಿವಲಿಂಗಪ್ಪ, ಇಂವನ್ನ ಸಾಬಾಣ ಹಚ್ಚಿ ತೊಳಿ. ಔಷಧಾ ಆಮ್ಯಾಲ ಕೊಡೋಣು,” ಎಂದರು. ಅಲ್ಲಿ ಕೂತವರೆಲ್ಲ ನಕ್ಕರು. ಅವನೂ ನಕ್ಕ. ಆ ದಿನದಿಂದ ನಾನು ಚರ್ಮವನ್ನು ನೋಡಿ ಕಾಮಾಲೆ ಎಂದು ಬರೆದಿಲ್ಲ.

ಹಳದಿ ಎಂಬುದು ರೋಗವಲ್ಲ, ರೋಗದ ಗುರುತು. ರಕ್ತದ ಹಳೆಯ ಕೆಂಪು ಕಣಗಳು ಒಡೆದಾಗ ಒಂದು ಹಳದಿ ಪದಾರ್ಥ ಉಳಿಯುತ್ತದೆ. ಅದನ್ನು ಬೇರ್ಪಡಿಸಿ ಪಿತ್ತದೊಡನೆ ಕರುಳಿಗೆ ಕಳಿಸುವುದು ಯಕೃತ್ತಿನ ಕೆಲಸ. ಯಕೃತ್ತು ಬೇನೆಬಿದ್ದರೆ, ಇಲ್ಲವೆ ಪಿತ್ತದ ನಾಳ ಕಟ್ಟಿಕೊಂಡರೆ, ಅದು ಕರುಳಿಗೆ ಹೋಗದೆ ರಕ್ತದಲ್ಲಿಯೇ ನಿಂತು ಕಣ್ಣಿಗೆ, ಮೂತ್ರಕ್ಕೆ ಏರುತ್ತದೆ. ಇಷ್ಟು ಸಾಹೇಬರು ಆಗಲೇ ಹೇಳಿಕೊಟ್ಟಿದ್ದರು. ಯಕೃತ್ತು ಯಾಕೆ ಬೇನೆಬೀಳುತ್ತದೆ ಎಂಬುದಕ್ಕೆ ಮಾತ್ರ ಅವರಲ್ಲಿ ಅರ್ಧ ಉತ್ತರವಿತ್ತು.

ಆ ಅರ್ಧ ಉತ್ತರ ಸಿಕ್ಕಿದ್ದು ಧಾರವಾಡದಲ್ಲಿ. ಅಲ್ಲಿಯ ಒಂದು ವಿದ್ಯಾರ್ಥಿ ವಸತಿಗೃಹದಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬರ ಹಿಂದೊಬ್ಬರು ಕಾಮಾಲೆಯಿಂದ ಮಲಗಿದರು. ಸಾಹೇಬರು ನನ್ನನ್ನೂ ಕರೆದುಕೊಂಡು ಹೋದರು. ಅಡಿಗೆಯ ಭಟ್ಟರು, “ಎಣ್ಣಿ ಕೆಟ್ಟದ್ದಿರಬೇಕ್ರಿ, ಅದಕ್ಕ ಪಿತ್ತಾ ಕೆದರೇದ,” ಎಂದು ವಾದಿಸುತ್ತಿದ್ದರು. ಸಾಹೇಬರು ಎಣ್ಣೆಯನ್ನು ನೋಡಲಿಲ್ಲ. ಬಾವಿಯ ಸುತ್ತ ಒಂದು ಸುತ್ತು ಹಾಕಿ, ಪಾಯಖಾನೆಯ ಗಟಾರ ಎಲ್ಲಿ ಒಡೆದಿದೆ ಎಂದು ಕೋಲಿನಿಂದ ಚುಚ್ಚಿ ತೋರಿಸಿದರು. ಬಾವಿಯಿಂದ ಅದು ಆರು ಮಾರು ದೂರವಿತ್ತು. ಗಟಾರ ಕಟ್ಟಿಸಿ, ನೀರು ಕುದಿಸಿ ಕುಡಿಯುವ ಪಾಠ ಮಾಡಿಸಿ, ಬಡಿಸುವವರು ಪಾಯಖಾನೆಗೆ ಹೋಗಿ ಬಂದರೆ ಸಾಬೂನಿನಿಂದ ಕೈ ತೊಳೆಯಬೇಕೆಂದು ಗೋಡೆಯ ಮೇಲೆ ಬರೆಯಿಸಿದರು. ಹೊಸ ರೋಗಿಗಳು ಕೆಲವು ವಾರ ಬಂದು ಆಮೇಲೆ ನಿಂತರು. ಮಲಗಿದವರಿಗೆ ಔಷಧವೆಂದು ಕೊಟ್ಟದ್ದು ಗ್ಲೂಕೋಸು, ಗಂಜಿ ಮತ್ತು ಹಾಸಿಗೆ. ಎಲ್ಲರೂ ಎದ್ದರು.

ಕಾಮಾಲೆ ಬಾಯಿಯಿಂದ ಒಳಗೆ ಹೋಗುತ್ತದೆ ಎಂಬುದು ನಮಗೆ ಹೀಗೆ ಗೊತ್ತಾಯಿತು. ಅದಕ್ಕೆ ಇನ್ನೊಂದು ಬಾಗಿಲಿದೆ ಎಂದು ಗೊತ್ತಿರಲಿಲ್ಲ. ಆ ಬಾಗಿಲನ್ನು ನಾನೇ ವಾರಕ್ಕೊಮ್ಮೆ ತೆರೆಯುತ್ತಿದ್ದೆ.

ನಮ್ಮಲ್ಲಿ ಗುರುವಾರ ಮಧ್ಯಾಹ್ನ ಗರ್ಮಿ ರೋಗದವರಿಗೆ, ಅಂದರೆ ಸಿಫಿಲಿಸ್ ಆದವರಿಗೆ, ಆರ್ಸೆನಿಕ್ಕಿನ ಇಂಜೆಕ್ಷನ್ ಕೊಡುತ್ತಿದ್ದರು. ಅದು ಹೆಂಡತಿಯ ಮುಂದೆಯೂ ಹೇಳಿಕೊಳ್ಳಲಾಗದ ರೋಗ. ಊರಲ್ಲಿ ಅದಕ್ಕೆ ‘ಗುರುವಾರದ ಸೂಜಿ’ ಎಂಬ ಹೆಸರು ಬಿದ್ದಿತ್ತು. ಗುರುವಾರ ನಮ್ಮ ಬೆಂಚಿನ ಮೇಲೆ ಕೂತವನು ಪರಿಚಯದವರು ಯಾರಾದರೂ ಬಂದರೆ, “ಹಲ್ಲು ತೋರಸಾಕ ಬಂದಿದ್ದೆ,” ಎನ್ನುತ್ತಿದ್ದ. ಈ ಇಂಜೆಕ್ಷನ್ ವಾರಕ್ಕೊಂದರಂತೆ ತಿಂಗಳುಗಟ್ಟಲೆ ನಡೆಯಬೇಕು. ನಡುವೆ ಬಿಟ್ಟರೆ ರೋಗ ಒಳಗೇ ಉಳಿಯುತ್ತದೆ. ಹೆಂಡತಿಗೂ ಹುಟ್ಟುವ ಮಕ್ಕಳಿಗೂ ಹೋಗುತ್ತದೆ.

ನಮ್ಮಲ್ಲಿ ಇದ್ದದ್ದು ಎರಡು ಗಾಜಿನ ಸಿರಿಂಜು. ಒಂದರ ತುದಿ ಒಡೆದಿತ್ತು. ಯುದ್ಧದಿಂದಾಗಿ ಹೊಸದು ಬರುತ್ತಿರಲಿಲ್ಲ. ಸ್ಟೋವಿಗೆ ಹಾಕುವ ರಾಕೆಲ್ ಎಣ್ಣೆಗೂ ರೇಶನ್. ಬೆಳಿಗ್ಗೆ ಒಮ್ಮೆ ಸ್ಟೋವ್ ಹೊತ್ತಿಸಿ ಸಿರಿಂಜನ್ನೂ ಸೂಜಿಗಳನ್ನೂ ಕುದಿಸುತ್ತಿದ್ದೆ. ಆಮೇಲೆ ಪ್ರತಿಯೊಬ್ಬರಿಗೂ ಹೊಸ ಸೂಜಿ. ಸಿರಿಂಜು ಮಾತ್ರ ಅದೇ. ಒಬ್ಬರಿಗೆ ಕೊಟ್ಟಾದ ಮೇಲೆ ಆರಿದ ನೀರಿನಿಂದ ಎರಡು ಸಲ, ಸ್ಪಿರಿಟ್ಟಿನಿಂದ ಒಂದು ಸಲ ಎಳೆದು ಚೆಲ್ಲಿ ಮುಂದಿನವರಿಗೆ ತುಂಬುತ್ತಿದ್ದೆ. ಎಲ್ಲ ಕಡೆಯೂ ಹೀಗೆಯೇ ಮಾಡುತ್ತಿದ್ದರು. ಸೂಜಿ ಮೈಯೊಳಗೆ ಹೋಗುತ್ತದೆ, ಸಿರಿಂಜು ಹೋಗುವುದಿಲ್ಲ ಎಂಬುದು ನಮ್ಮ ಲೆಕ್ಕ. ಆದರೆ ನರಕ್ಕೆ ಕೊಡುವ ಇಂಜೆಕ್ಷನ್ನಿನಲ್ಲಿ ಮೊದಲು ಹಿಂದಕ್ಕೆ ಸ್ವಲ್ಪ ಎಳೆಯಬೇಕು. ರಕ್ತದ ಒಂದು ಎಳೆ ಗಾಜಿನೊಳಗೆ ಬಂದು ಹೊಗೆಯಂತೆ ಹರಡುತ್ತದೆ. ಅದು ಕಂಡರೆ ಸೂಜಿ ನರದೊಳಗಿದೆ ಎಂದು ಖಾತ್ರಿ. ಆ ಕೆಂಪು ಎಳೆಯನ್ನು ಸಾವಿರ ಸಲ ನೋಡಿದ್ದೇನೆ, ಅದು ಎಲ್ಲಿ ಉಳಿಯುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಗುರುವಾರದವರಲ್ಲಿ ಆಗೊಬ್ಬರು ಈಗೊಬ್ಬರು ಹಳದಿಯಾಗುತ್ತಿದ್ದರು. ಸಾಹೇಬರು ಪುಸ್ತಕ ತೆಗೆದು ತೋರಿಸುತ್ತಿದ್ದರು. ಆರ್ಸೆನಿಕ್ಕು ವಿಷ, ಕೆಲವರ ಯಕೃತ್ತಿಗೆ ತಡೆಯುವುದಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ನಾನು ಅದನ್ನು ನಂಬಿದೆ. ಪುಸ್ತಕದಲ್ಲಿದ್ದದ್ದು ಪೂರ್ತಿ ಸುಳ್ಳೂ ಅಲ್ಲ.

ಇನ್ನು ಹಜರಾಬಿಯ ವಿಷಯ. ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಕಾಮಾಲೆಗೆ ಬರೆ ಹಾಕುವ ಹೆಂಗಸು. ಅರವತ್ತರ ಹತ್ತಿರದ ವಯಸ್ಸು. ತಾಮ್ರದ ತಂತಿಯನ್ನು ಶೆಗಡಿಯ ಕೆಂಡದಲ್ಲಿ ಕೆಂಪಗೆ ಮಾಡಿ, ಮುಂಗೈಯ ಒಳಭಾಗದಲ್ಲಿ ಮೂರು ಚುಕ್ಕೆ ಸುಡುತ್ತಿದ್ದಳು. ನಮ್ಮ ಭಾಗದ ಜನ ಕಾಮಾಲೆಯನ್ನು ಕಾಮಣಿ ಎನ್ನುತ್ತಾರೆ, ಅವಳನ್ನು ‘ಕಾಮಣಿ ಅಮ್ಮಾ’ ಎನ್ನುತ್ತಿದ್ದರು. ಎಲ್ಲ ಜಾತಿಯವರೂ ಹೋಗುತ್ತಿದ್ದರು. ಬರೆಯಿಂದ ಕಾಮಾಲೆ ಹೋಗುವುದಿಲ್ಲ. ಹೆಚ್ಚಿನವರಿಗೆ ಅದು ತಾನಾಗಿಯೇ ಇಳಿಯುತ್ತದೆ, ಹೆಸರು ಬರೆಗೆ ಬರುತ್ತದೆ. ಕೆಲವರಿಗೆ ಗಾಯ ಕೀವಾಗುತ್ತಿತ್ತು. ಅದಕ್ಕೆ ಅವಳು ತಿಂಗಳಿಗೊಮ್ಮೆ ಹಿಂದಿನ ಬಾಗಿಲಿಗೆ ಬಂದು ನನ್ನಿಂದ ಸುಟ್ಟಗಾಯದ ಮುಲಾಮು ಒಯ್ಯುತ್ತಿದ್ದಳು. ಸಾಹೇಬರಿಗೆ ಇದು ಗೊತ್ತಿರಲಿಲ್ಲ.

“ಸುಡಾಕಿನೂ ನೀನ, ಮುಲಾಮು ಹಚ್ಚಾಕಿನೂ ನೀನ. ಛಲೋ ಧಂದೆ ಹಿಡದೀ ಅಮ್ಮಾ,” ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

“ನಿಮ್ಮ ಸಾಹೇಬ ಕಹಿ ನೀರು ಕುಡಸ್ತಾನ, ಆಮ್ಯಾಲ ಬಾಯಿಗೆ ಸಕ್ರಿ ಹಾಕ್ತಾನ. ನನ್ನ ಧಂದೇನೂ ಅದ ಐತಿ ಬಿಡಪಾ.”

ಯುದ್ಧದ ನಡುವಿನ ಒಂದು ಬೇಸಿಗೆಯಲ್ಲಿ ಹೀಗೆ ಬಂದವಳು ಮುಲಾಮಿನ ಡಬ್ಬಿ ಕೈಯಲ್ಲಿ ಹಿಡಿದು ಹೋಗದೆ ನಿಂತಳು.

“ಕಂಪೌಂಡರಪ್ಪಾ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ನಾ ಬರಿ ಹಾಕೂ ಮುಂದ ತೋಳು ಮ್ಯಾಲ ಮಾಡಸ್ತೀನಿ. ಈಗೀಗ ಬರೂ ಗಂಡಸರ ಮೊಣಕೈ ಸಂದ್ಯಾಗ ಸೂಜಿ ಚುಚ್ಚಿದ ಕಲಿ ಇರ್ತಾವ. ಒಬ್ಬಂದಲ್ಲ, ಇಬ್ಬರದಲ್ಲ. ಮೊದಲ ಹಿಂಗ ಇರಲಿಲ್ಲ.”

“ಆ ಔಷಧಾನ ಅಂಥಾದ್ದು ಅಮ್ಮಾ. ಕೆಲವರಿಗೆ ತಡಿಯೂದಿಲ್ಲ.”

ಅವಳು, “ನಾ ಓದಿದಾಕಿ ಅಲ್ಲ. ಆದ್ರ ಒಬ್ಬರಿಗೆ ಮುಟ್ಟಿಸಿದ ತಂತಿ ಮತ್ತ ಕೆಂಡದಾಗ ಇಡದ ಇನ್ನೊಬ್ಬರಿಗೆ ಮುಟ್ಟಸೂದಿಲ್ಲ. ನಮ್ಮತ್ತಿ ಹಂಗ ಕಲಿಸ್ಯಾಳ. ನೀವೂ ಹಂಗ ಮಾಡ್ತೀರಿಲ್ಲೋ?” ಎಂದಳು.

“ನಮ್ಮಲ್ಲಿ ಸ್ಪಿರಿಟ್ ಇರ್ತದ,” ಎಂದೆ. ಅವಳಿಗೆ ಸ್ಪಿರಿಟ್ ಎಂದರೆ ಏನೆಂದು ಗೊತ್ತಿರಲಿಲ್ಲ, ಒಪ್ಪಿಕೊಂಡು ಹೋದಳು. ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಹಜರಾಬಿಗೆ ಒಬ್ಬನೇ ಮಗ, ದಸ್ತಗೀರ. ಮೋಟಾರು ಗ್ಯಾರೇಜಿನಲ್ಲಿ ಮಿಸ್ತ್ರಿ. ಅವನ ಹೆಂಡತಿ ಜುಬೇದಾ ಚೊಚ್ಚಲು ಬಸುರಿ. ಕಾಲು ಸೆಟೆಯುತ್ತವೆ, ಸುಸ್ತು ಎಂದು ಮೂರು ತಿಂಗಳ ಹಿಂದೆ ನಮ್ಮಲ್ಲಿಗೆ ಬಂದಿದ್ದಳು. ಸಾಹೇಬರು ಕ್ಯಾಲ್ಸಿಯಮ್ಮಿನ ಇಂಜೆಕ್ಷನ್ ಬರೆದಿದ್ದರು. ಗಂಡನಿಗೆ ಗುರುವಾರ ಮಧ್ಯಾಹ್ನ ಬಿಡುವು ಸಿಗುತ್ತಿತ್ತು. ಆದ್ದರಿಂದ ಗಂಡಸರೆಲ್ಲ ಹೋದ ಮೇಲೆ, ಕೊನೆಯಲ್ಲಿ, ಅವಳಿಗೆ ಕೊಡುತ್ತಿದ್ದೆವು.

ಏಳು ತಿಂಗಳು ತುಂಬುವ ಹೊತ್ತಿಗೆ ಅವಳಿಗೆ ಅನ್ನ ಸೇರದಾಯಿತು, ವಾಂತಿ, ಮೈ ನವೆ. ಹಜರಾಬಿ ಕಣ್ಣು ನೋಡಿದಳು. ತನಗೆ ಗೊತ್ತಿದ್ದದ್ದನ್ನು ಮಾಡಿದಳು. ಸೊಸೆಯ ಮುಂಗೈಗೆ ಮೂರು ಬರೆ ಹಾಕಿದಳು. ಆರನೆಯ ದಿನ ಜುಬೇದಾ ಹಗಲಲ್ಲಿಯೂ ನಿದ್ದೆಗಣ್ಣಾದಳು, ಮಾತು ತಡವರಿಸತೊಡಗಿತು. ದಸ್ತಗೀರ ಟಾಂಗಾದಲ್ಲಿ ಹಾಕಿಕೊಂಡು ಬಂದ.

ಕಾಮಾಲೆಯವರು ಹಗಲೆಲ್ಲ ಮಂಪರಿನಲ್ಲಿದ್ದು ಹೇಳಿದ್ದು ಅರ್ಥವಾಗದಂತಾದರೆ, ಕೈ ಚಾಚಿದಾಗ ಬೆರಳು ಹಾರಾಡಿದರೆ, ಒಂದು ಗಳಿಗೆಯನ್ನೂ ಮನೆಯಲ್ಲಿ ಕಳೆಯಬೇಡಿ. ವಿಷ ಮಿದುಳಿಗೆ ಏರುತ್ತಿದೆ ಎಂದು ಅರ್ಥ. ಬಸುರಿಯಾದರೆ ಹಳದಿ ಕಂಡ ದಿನವೇ ದವಾಖಾನೆಗೆ ಕರೆದೊಯ್ಯಬೇಕು. ಜುಬೇದಾಳ ಬೆರಳು ಆಗಲೇ ಹಾರಾಡುತ್ತಿದ್ದವು. ಸಾಹೇಬರು ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಎರಡು ದಿನ ತಾವೇ ಹೋಗಿ ನೋಡಿ ಬಂದರು. ಕೂಸು ಮೊದಲು ಹೋಯಿತು. ಮಾರನೆಯ ದಿನ ಅವಳು ಹೋದಳು.

ಟಾಂಗಾದಿಂದ ಇಳಿಸುವಾಗಲೇ ಸಾಹೇಬರು ಅವಳ ಮುಂಗೈಯ ಗಾಯ ನೋಡಿ ದಸ್ತಗೀರನಿಗೆ ಸಿಟ್ಟಿನಿಂದ, “ಹಿಂಗ ಸುಟ್ಟರ ಬಸರಿ ಹೆಣ್ಣಮಗಳು ಉಳೀತಾಳೇನೋ? ಯಾರ್ ಮಾಡಿದ್ದು ಇದು?” ಎಂದಿದ್ದರು. ಅವರಿಗೆ ತಾಯಿಯ ವಿಷಯ ಗೊತ್ತಿರಲಿಲ್ಲ. ಆ ಮಾತು ಅವನಲ್ಲಿ ಕೂತುಬಿಟ್ಟಿತು. ಮಣ್ಣು ಕೊಟ್ಟು ಬಂದ ದಿನ ತಾಯಿಯ ಶೆಗಡಿಯನ್ನು ಓಣಿಗೆ ಎಸೆದು, ತನ್ನ ಹಾಸಿಗೆ ಸುತ್ತಿಕೊಂಡು ಗ್ಯಾರೇಜಿಗೆ ಹೋದ. ಓಣಿಯ ಜನ ಅವಳನ್ನು ಸೊಸೆಯನ್ನು ಸುಟ್ಟು ಕೊಂದವಳು ಎಂದರು. ಇದನ್ನು ನಾನು ನೋಡಲಿಲ್ಲ, ಕೇಳಿದೆ.

ನನ್ನನ್ನು ಕಾಡಿದ್ದು ಬೇರೆ. ಜುಬೇದಾಳಿಗೆ ಆರ್ಸೆನಿಕ್ಕು ಕೊಟ್ಟೇ ಇರಲಿಲ್ಲ. ಕ್ಯಾಲ್ಸಿಯಮ್ಮಿನಿಂದ ಯಾರೂ ಹಳದಿಯಾಗುವುದಿಲ್ಲ. ನೀರಿನಿಂದ ಬಂತೆಂದರೆ ಅದೇ ನೀರು ಕುಡಿಯುವ ಗಂಡ, ಅತ್ತೆ, ಇಡೀ ಓಣಿ ಚೆನ್ನಾಗಿತ್ತು. ಅವಳಿಗೂ ಗುರುವಾರದ ಗಂಡಸರಿಗೂ ಸಾಮಾನ್ಯವಾಗಿದ್ದದ್ದು ಒಂದೇ ವಸ್ತು. ಅದು ನನ್ನ ಕೈಯಲ್ಲಿತ್ತು.

ನಾವು ಇಂಜೆಕ್ಷನ್ ಕೊಟ್ಟ ಸರತಿಯಲ್ಲಿಯೇ ರಿಜಿಸ್ಟರಿನಲ್ಲಿ ಹೆಸರು ಬರೆಯುತ್ತಿದ್ದೆವು. ಹಿಂದಿನ ಪುಟಗಳನ್ನು ತಿರುವಿದೆ. ಒಂದು ಗುರುವಾರ ನಡುವೆ ಒಬ್ಬ ಲಾರಿ ಡ್ರೈವರನ ಹೆಸರಿತ್ತು. ಮುಂದಿನ ವಾರ ಅವನು ಬಂದಾಗ ಕಣ್ಣು ಹಳದಿ ಎಂದು ಬರೆದದ್ದು ನನ್ನದೇ ಅಕ್ಷರ. ಆ ದಿನ ಅವನಿಗಿಂತ ಮೊದಲು ಕೂತವರಲ್ಲಿ ಒಬ್ಬರಿಗೂ ಆಮೇಲೆ ಕಾಮಾಲೆ ಬಂದಿರಲಿಲ್ಲ. ಅವನ ನಂತರ ಕೂತವರು ಐವರು. ಎರಡು ಮೂರು ತಿಂಗಳಲ್ಲಿ ಮೂವರು ಗಂಡಸರು ಹಳದಿಯಾಗಿದ್ದರು. ಐದನೆಯ ಹೆಸರು ಜುಬೇದಾ.

ಮೂರು ಸಲ ಓದಿದೆ. ರಿಜಿಸ್ಟರನ್ನು ತೆಗೆದುಕೊಂಡು ಹೋಗಿ ಸಾಹೇಬರ ಮೇಜಿನ ಮೇಲೆ ಇಟ್ಟೆ, ಬೆರಳಿಟ್ಟು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಗದರಿಸಲಿಲ್ಲ.

“ಪುಸ್ತಕದಾಗ ಇಲ್ಲ ಇದು,” ಎಂದರು.

“ಇಲ್ಲರೀ.”

“ಆದ್ರೂ ಖರೇ ಇರಬಹುದು. ಇವತ್ತಿನಿಂದ ಒಬ್ಬೊಬ್ಬರಿಗೂ ಸಿರಿಂಜು ಕುದಿಸು. ಇಪ್ಪತ್ತು ನಿಮಿಷ, ಗಡಿಯಾರಾ ನೋಡಿ. ರಾಕೆಲ್ ಎಣ್ಣಿ ನಮ್ಮ ಮನಿಂದ ತರಸ್ತೀನಿ. ಸಿರಿಂಜು ಒಡದ್ರ ಒಡೀಲಿ.”

“ಮಂದಿಗೆ ಹೇಳೂದ್ರಿ?”

ಅವರು ಕನ್ನಡಕ ತೆಗೆದರು. “ಏನಂತ ಹೇಳ್ತೀ? ನಮ್ಮ ಕೈಯಿಂದ ಕಾಮಾಲಿ ಬಂತು ಅಂತ? ನಾಳೆ ಒಬ್ಬನೂ ಬರೂದಿಲ್ಲ. ಅವರ ಮೂಲ ರೋಗ ಅವರ ಮೈಯಾಗ ಉಳೀತದ. ಅದಕ್ಕ ಯಾರು ಜವಾಬ್ದಾರರು? ತಪ್ಪು ತಿದ್ದಿಕೊಂಡೀವಿ. ಅಷ್ಟ ಸಾಕು.”

ಅವರು ಕೆಟ್ಟವರಲ್ಲ. ಆ ಮಾತಿನಲ್ಲಿ ತರ್ಕವೂ ಇತ್ತು. ಆ ದಿನದಿಂದ ಕೆಲಸದ ಪದ್ಧತಿ ಬದಲಾಯಿತು. ಗುರುವಾರ ಎರಡು ತಾಸಿನ ಕೆಲಸ ಸಂಜೆಯ ತನಕ ನಡೆಯಿತು. ಒಂದು ಸಿರಿಂಜು ಒಡೆದೂ ಹೋಯಿತು, ಸಾಹೇಬರು ಮುಂಬಯಿಯ ಸ್ನೇಹಿತರಿಂದ ಇನ್ನೆರಡನ್ನು ತರಿಸಿದರು. ನಾನು ಬಾಯಿ ಮುಚ್ಚಿಕೊಂಡು ಎರಡು ತಿಂಗಳು ಕುದಿಸಿದೆ.

ಆ ಎರಡು ತಿಂಗಳಲ್ಲಿ ಎರಡು ಸಂಗತಿ ನೋಡಿದೆ. ಹಳದಿಯಾಗಿದ್ದ ಮೂವರೂ ಇಂಜೆಕ್ಷನ್ನು ಬಿಟ್ಟಿದ್ದರು. ಅವರನ್ನು ಕಂಡು ಇನ್ನೂ ಕೆಲವರು ಹೆದರಿ ಬಿಟ್ಟಿದ್ದರು. ಹೇಳಿದರೆ ಬರಲಾರರು ಎಂದು ಸಾಹೇಬರು ಅಂಜಿದ್ದರು, ಹೇಳದೆಯೂ ಅವರು ಬರುತ್ತಿರಲಿಲ್ಲ. ಎರಡನೆಯದು, ಹಜರಾಬಿಯನ್ನು ಒಂದು ದಿನ ಸಂತೆಯಲ್ಲಿ ಕಂಡೆ. ಅವಳು ಒಬ್ಬ ಹೆಂಗಸಿನ ಹತ್ತಿರ ಉಳ್ಳಾಗಡ್ಡಿಯ ದರ ಕೇಳುತ್ತಿದ್ದಳು. ಆ ಹೆಂಗಸು ಉತ್ತರ ಕೊಡದೆ ಮಗ್ಗುಲಿನವಳೊಡನೆ ಮಾತನಾಡುತ್ತಲೇ ಇದ್ದಳು. ಹಜರಾಬಿ ಇನ್ನೊಮ್ಮೆ ಕೇಳಲಿಲ್ಲ.

ಸಾಹೇಬರಿಗೆ ತಿಳಿಸಿಯೇ ಹೋದೆ. “ರೀ, ದಸ್ತಗೀರಗ ಹೇಳದ ನನ್ನ ಕಡೆ ಆಗೂದಿಲ್ಲ. ಕೆಲಸದಿಂದ ತೆಗದ್ರೂ ಅಡ್ಡಿಲ್ಲ,” ಎಂದೆ. ಅವರು ಕಿಟಕಿಯ ಕಡೆ ನೋಡುತ್ತ, “ತೆಗಿಯೂದಿಲ್ಲ. ನಾ ಅಂದ ಮಾತು ತಪ್ಪಿತ್ತು ಅಂತ ಹೇಳು. ಆಕಿ ಕೈ ಮ್ಯಾಲಿನ ಬರಿ ನೋಡಿ ಅಂದದ್ದು,” ಎಂದರು.

ದಸ್ತಗೀರ ಲಾರಿಯ ಕೆಳಗೆ ಮಲಗಿ ಪಾನಾದಿಂದ ನಟ್ಟು ಬಿಗಿಯುತ್ತಿದ್ದ. ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಹೊರಗೆ ಬಾ ಎಂದೆ.

“ಅಲ್ಲಿಂದನ ಹೇಳ್ರಿ ಅಣ್ಣಾರ, ಕೈ ಬಿಟ್ರ ಸಾಮಾನು ಬೀಳ್ತದ.”

ಅವನ ಮುಖ ಕಾಣದಿದ್ದದ್ದರಿಂದಲೇ ಹೇಳುವುದು ನನಗೆ ಸಾಧ್ಯವಾಯಿತೋ ಏನೋ. ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಲಾರಿ ಡ್ರೈವರನಿಂದ ಹಿಡಿದು ಕ್ರಮವಾಗಿ ಎಲ್ಲವನ್ನೂ ಹೇಳಿದೆ. ಹೇಗೆ ರಕ್ತ ಗಾಜಿನೊಳಗೆ ಬರುತ್ತದೆ, ಹೇಗೆ ತೊಳೆಯುತ್ತಿದ್ದೆ, ಅವಳು ಕೊನೆಯವಳಾಗಿ ಕೂತಿದ್ದು. “ನಿಮ್ಮವ್ವ ಹಾಕಿದ ಬರಿಯಿಂದ ಉಪಯೋಗ ಆಗಲಿಲ್ಲ ಖರೇ. ಗಾಯ ಆತು, ಆರು ದಿನಾ ಹೋತು. ಆದ್ರ ಕಾಮಣಿ ಬಂದದ್ದು ಅದರಿಂದ ಅಲ್ಲ. ಅದು ನಮ್ಮ ಸಿರಿಂಜಿನಿಂದ ಬಂತು. ತೊಳದಾಂವ ನಾನು.”

ಪಾನಾ ತಿರುಗುವ ಸದ್ದು ಯಾವಾಗಲೋ ನಿಂತಿತ್ತು. ಅವನು ಹೊರಗೆ ಜಾರಿ ಬಂದ. ಕೈಯಲ್ಲಿ ಕಬ್ಬಿಣದ ಪಾನಾ ಇತ್ತು. ಹೊಡೆಯುತ್ತಾನೆ ಎಂದುಕೊಂಡೆ. ಅವನು ಅದನ್ನು ನೆಲದ ಮೇಲಿಟ್ಟು, ಕೈಯನ್ನು ಅರಿವೆಗೆ ಒರೆಸಿದ. ಎಣ್ಣೆ ಹೋದ ಮೇಲೂ ಒರೆಸುತ್ತಲೇ ಇದ್ದ.

“ಗೊತ್ತಿದ್ದು ಮಾಡಿದ್ರೇನು?”

“ಇಲ್ಲ. ಆದ್ರ ಎರಡು ತಿಂಗಳಿಂದ ಗೊತ್ತಿದ್ದು ಸುಮ್ಮನಿದ್ದೆ.”

“ಎರಡು ತಿಂಗಳಿಂದ ನಾ ಅಮ್ಮಾನ ಮಾರೀ ನೋಡಿಲ್ಲರೀ,” ಎಂದ. ಆಮೇಲೆ, “ನಡ್ರಿ. ಇದನ್ನ ಅಮ್ಮಾನ ಮುಂದ ಹೇಳ್ರಿ. ನನಗ ಹೇಳಾಕ ಬರೂದಿಲ್ಲ,” ಎಂದ.

ಹಜರಾಬಿ ಹೊಸಲಿನಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಮಗನನ್ನು ನೋಡಿದವಳು ಎದ್ದೇಳಲು ಹೋಗಿ ಮತ್ತೆ ಕೂತಳು. ನಾನು ಓಣಿಯಲ್ಲಿ ನಿಂತೇ, ನಾಲ್ಕು ಮನೆಯವರಿಗೆ ಕೇಳುವಂತೆ, ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಅವಳು ಮೊರದೊಳಗಿನ ಅಕ್ಕಿಯನ್ನೇ ನೋಡುತ್ತಿದ್ದಳು.

“ನನಗ ಗೊತ್ತಿತ್ತು,” ಎಂದಳು. “ನೀ ಬಂದು ಹೇಳ್ತೀ ಅಂತ ಗೊತ್ತಿರಲಿಲ್ಲ.”

“ಗೊತ್ತಿದ್ರ ನನಗ ಯಾಕ ಹೇಳಲಿಲ್ಲ ಅಮ್ಮಾ?” ಎಂದು ದಸ್ತಗೀರ ಕೇಳಿದ.

“ನೀ ಶೆಗಡಿ ಒಗದ ದಿನಾ ಹೇಳಿದ್ರ ಕೇಳ್ತಿದ್ದ್ಯಾ? ಸುಟ್ಟಾಕಿ ನಾನ ಇದ್ದೆನಲ್ಲೋ. ನನ್ನ ಕೈಗೂ ಅಂಜಿಕಿ ಬಂದಿತ್ತು.” ಮಗ ಅವಳ ಪಕ್ಕದಲ್ಲಿ ಹೊಸಲಿನ ಮೇಲೆ ಕೂತ. ಇಬ್ಬರೂ ಅಳಲಿಲ್ಲ. ಅವನು ಮೊರದಿಂದ ಒಂದು ಹರಳು ತೆಗೆದು ಹೊರಗೆ ಎಸೆದ. ಸ್ವಲ್ಪ ಹೊತ್ತಿಗೆ ಇನ್ನೊಂದು.

ನಾನು ಹೊರಟೆ. ಹಜರಾಬಿ ಹಿಂದಿನಿಂದ ಕರೆದಳು.

“ಉಳಿದವರಿಗೆ ಹೇಳಿದಿ?”

“ಯಾರಿಗೆ?”

“ಗುರುವಾರದವರಿಗೆ.”

ಹೇಳಿಲ್ಲವೆಂದೆ. ಹೇಗೆ ಹೇಳುವುದೆಂದೂ ಗೊತ್ತಿಲ್ಲವೆಂದೆ. ನಾನು ಯಾವ ಮನೆಯ ಬಾಗಿಲಿಗೆ ಹೋದರೂ, ಕಂಪೌಂಡರು ಇಲ್ಲಿಗೆ ಯಾಕೆ ಬಂದ ಎಂದು ಹೆಂಡತಿ ಕೇಳುತ್ತಾಳೆ, ನೆರೆಯವರು ಕೇಳುತ್ತಾರೆ. ಅವರು ಮುಚ್ಚಿಟ್ಟ ರೋಗ ಓಣಿಗೆ ಬೀಳುತ್ತದೆ. ಕಾಗದ ಬರೆದರೆ ಅದನ್ನು ಮನೆಯಲ್ಲಿ ಯಾರು ಓದುತ್ತಾರೋ.

ಅವಳು ಮೊರವನ್ನು ಮಗನ ಮಡಿಲಿಗೆ ಇಟ್ಟು ಎದ್ದಳು. “ನಾ ಹೋದ್ರ ಯಾರೂ ಏನೂ ಅನ್ನೂದಿಲ್ಲ. ಕಾಮಣಿ ಆದ ಮನಿಗೆ ಕಾಮಣಿ ಅಮ್ಮಾ ಬಂದಾಳ, ಅಷ್ಟ. ನನ್ನ ಜೋಡಿ ನೀ ಬಾ, ಔಷಧದ ಡಬ್ಬಿ ಹಿಡಕೊಂಡು. ನನ್ನ ಕಂಪೌಂಡರ ಆಗು ಒಂದು ದಿನಾ.”

“ಬರಿ ಹಾಕೂದಿಲ್ಲಲ್ಲಾ ಅಮ್ಮಾ?”

“ತಂತಿ ಇಲ್ಲೇ ಬಿಟ್ಟು ಬರ್ತೀನಿ, ನೋಡ.” ಆಮೇಲೂ ಅವಳು ಬರೆ ಹಾಕುವುದನ್ನು ಪೂರ್ತಿ ಬಿಟ್ಟಳೆಂದು ನಾನು ಹೇಳಲಾರೆ. ಬಸುರಿಯರಿಗೆ ಮಾತ್ರ ಹಾಕಲಿಲ್ಲ, ನಮ್ಮಲ್ಲಿಗೆ ಕಳಿಸುತ್ತಿದ್ದಳು.

ಯುದ್ಧ ಮುಗಿದ ಮೇಲೆ ಸಾಹೇಬರ ಪುಸ್ತಕಗಳಲ್ಲಿಯೂ ಇದು ಬಂತು. ಕಾಮಾಲೆ ತರುವ ಅತಿಸೂಕ್ಷ್ಮ ಜೀವಿ ಒಂದು ಬಗೆಯದಲ್ಲ. ಒಂದು ಹೊಲಸು ನೀರು, ತೊಳೆಯದ ಕೈಗಳಿಂದ ಬಾಯಿಗೆ ಹೋಗುತ್ತದೆ. ಇನ್ನೊಂದು ರಕ್ತದಿಂದ ರಕ್ತಕ್ಕೆ, ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೋಗುತ್ತದೆ. ಸಿರಿಂಜು, ಸೂಜಿ, ಕ್ಷೌರದ ಕತ್ತಿ, ಹಚ್ಚೆಯ ಸೂಜಿ ಎಲ್ಲವೂ ಅದಕ್ಕೆ ದಾರಿ. ಸ್ಪಿರಿಟ್ಟಿನಿಂದ ತೊಳೆದರೆ ಅದು ಸಾಯುತ್ತದೆಂದು ನಂಬಬೇಡಿ. ತೊಳೆದು, ಬಿಚ್ಚಿ, ನೀರೊಳಗೆ ಮುಳುಗಿಸಿ, ಗಡಿಯಾರ ನೋಡಿ ಕುದಿಸಬೇಕು. ಹೊರಗೆ ಎಷ್ಟೇ ಜನ ಕಾಯುತ್ತಿದ್ದರೂ, ಯಾರೇ ಅವಸರ ಮಾಡಿದರೂ.

ಹಜರಾಬಿಯೂ ನಾನೂ ಹೊರಟ ಆ ದಿನ ಮೊದಲು ಹೋದದ್ದು ಒಬ್ಬ ಹತ್ತಿ ದಲಾಲರ ಮನೆಗೆ. ಒಳ್ಳೆಯ ಮನೆತನ, ಹಣೆತುಂಬ ವಿಭೂತಿ. ಡ್ರೈವರನ ನಂತರ ಕೂತ ಐವರಲ್ಲಿ ಒಬ್ಬರು. ಹಳದಿ ಇಳಿದಿತ್ತು, ಇಂಜೆಕ್ಷನ್ನು ಬಿಟ್ಟಿದ್ದರು. ನನ್ನನ್ನು ನೋಡಿದ ಕೂಡಲೇ ಅವರ ಮುಖ ಬಿಳಿಚಿತು. ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು.

“ಕಾಮಣಿ ಹೋದ ಮನಿ ನೋಡಾಕ ಬಂದೇನ್ರೀ ಅಕ್ಕಾರ,” ಎಂದು ಹಜರಾಬಿ ದೊಡ್ಡ ದನಿ ತೆಗೆದಳು. “ಯಜಮಾನ್ರಿಗೆ ಈ ತಮ್ಮಾ ಔಷಧಾ ಹೇಳ್ತಾನ. ನೀವು ಮಕ್ಕಳನ್ನ ಕರೀರಿ, ಹಿತ್ತಲದಾಗ ಒಬ್ಬೊಬ್ಬರನ್ನ ನೋಡ್ತೀನಿ.” ಹೆಂಡತಿ ಮಕ್ಕಳ ಹೆಸರು ಕೂಗುತ್ತ ಅವಳೊಡನೆ ಹಿಂದೆ ಹೋದರು.

ನಾನು ದಲಾಲರ ಹತ್ತಿರ ಕೂತೆ. ಔಷಧ ತಪ್ಪಾಗಿರಲಿಲ್ಲ, ಸಿರಿಂಜು ತಪ್ಪಾಗಿತ್ತು ಎಂದೆ. ಈಗ ಒಬ್ಬೊಬ್ಬರಿಗೂ ಕುದಿಸುತ್ತೇವೆ, ತಿರುಗಿ ಬನ್ನಿ, ನಿಮ್ಮ ಹೆಂಡತಿಯವರನ್ನೂ ಒಮ್ಮೆ ಸಾಹೇಬರಿಗೆ ತೋರಿಸಬೇಕು ಎಂದೆ. ಕ್ಷೌರದ ಕತ್ತಿಯನ್ನು ಬೇರೆಯವರಿಗೆ ಕೊಡಬೇಡಿ, ಒಂದು ವರ್ಷ ಹೆಂಡ ಮುಟ್ಟಬೇಡಿ ಎಂದೆ. ಅವರು ಹಿತ್ತಲ ಬಾಗಿಲಿನ ಕಡೆ ಒಮ್ಮೆ ನೋಡಿದರು. ಆಮೇಲೆ ಒಂದೊಂದಾಗಿ ಕೇಳತೊಡಗಿದರು. ಹೆಂಡತಿಗೆ ಏನಂತ ಹೇಳಿ ಕರೆತರುವುದು, ಮಕ್ಕಳ ರಕ್ತವನ್ನೂ ನೋಡಬೇಕೇ. ನನಗೆ ಗೊತ್ತಿದ್ದದ್ದನ್ನು ಹೇಳಿದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೆ.

ಹಿತ್ತಲಿನಿಂದ ಹಜರಾಬಿಯ ದನಿ ಕೇಳುತ್ತಲೇ ಇತ್ತು. ಈ ಮಗುವಿನ ಹೆಸರೇನು, ಯಾವ ಇಯತ್ತೆ, ಇದಕ್ಕೆ ಹಲ್ಲು ಎಷ್ಟು ಬಂದಿವೆ, ಈ ಜಡೆ ಹಾಕಿದ್ದು ಯಾರು ಎಂದು ಅವಳು ಹೊತ್ತು ಬೆಳೆಸುತ್ತಿದ್ದಳು. ನಾವಿಬ್ಬರೂ ಮಾತು ಮುಗಿಸಿ ಸುಮ್ಮನಾಗುವವರೆಗೂ ಅವಳು ಆ ತಾಯಿಯನ್ನು ಒಳಗೆ ಬರಗೊಡಲಿಲ್ಲ.